ಒಂಬತ್ತನೆಯ ಕ್ಯಾಸೆಟ್ಟಿನ ಹಿಮ್ಮೇಳ

ನಾನು ಮೈಕಿನ ಮುಂದೆ ಬಾಯಿ ತೆರೆಯುವ ಮೊದಲೇ ಮೌಲಾಸಾಬರು ತಮ್ಮ ಅಂಗಡಿಯ ಹಾಡಿನ ದನಿ ತಗ್ಗಿಸುತ್ತಿದ್ದರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನನ್ನದು ಕಂಟ್ರೋಲರ್ ಕೆಲಸ. ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಬರೆದಿಡುವುದು, ಹೊರಡುವ ಬಸ್ಸಿನ ಹೆಸರು ಮೈಕಿನಲ್ಲಿ ಕೂಗುವುದು. ನನ್ನ ಕಿಟಕಿಗೆ ಎದುರಾಗಿ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಒಂದು ಹೊರಸಿನಷ್ಟು ಅಗಲದ ಅವರ ಕ್ಯಾಸೆಟ್ ಅಂಗಡಿ. ಅವರು ನನಗೆ ಬೆನ್ನು ಮಾಡಿ, ಕ್ಯಾಸೆಟ್ಟಿಗೆ ಪೆನ್ಸಿಲ್ ಸಿಕ್ಕಿಸಿ, ಸಡಿಲಾದ ರೀಲು ಸುತ್ತುತ್ತ ಕೂತಿರುತ್ತಿದ್ದರು. ನಾನು ಮೈಕಿನ ಗುಂಡಿ ಒತ್ತಿ ಇನ್ನೇನು "ಪ್ರಯಾಣಿಕರ ಗಮನಕ್ಕೆ" ಅನ್ನಬೇಕು, ಅಷ್ಟರಲ್ಲಿ ಅವರ ಎಡಗೈ ಹೋಗಿ ಟೇಪಿನ ದನಿ ಇಳಿಸುತ್ತಿತ್ತು. ನಾನು ಕೂಗಿ ಮುಗಿಸಿದರೆ ಹಾಡು ಮತ್ತೆ ಏರುತ್ತಿತ್ತು.

ಬಂದ ಹೊಸದರಲ್ಲಿ ನನಗೆ ಇದು ಕಣ್ಕಟ್ಟಿನಂತೆ ಕಂಡಿತು. ಒಂದು ದಿನ ಕೇಳಿಯೇಬಿಟ್ಟೆ.

"ಅದರಾಗೇನೈತ್ರಿ ಕಂಟ್ರೋಲರ್ ಸಾಹೇಬ್ರ," ಎಂದು ನಕ್ಕರು. "ಸ್ಪೀಕರಿನ್ಯಾಗ ಮೊದಲ ನಿಮ್ಮ ಉಸುರು ಬರ್ತೈತಿ. ಬಸ್ಸಿನ ಹೆಸರು ಆಮ್ಯಾಲೆ ಬರ್ತೈತಿ."

ಅಷ್ಟಕ್ಕೇ ನಿಲ್ಲಿಸದೆ, "ಇವತ್ತ ಸಂಜಿಗೆ ನಿಮಗ ನೆಗಡಿ ಬರ್ತೈತಿ ನೋಡ್ರಿ, ಉಸುರು ಮೂಗಿನ್ಯಾಗ ಹಾಯವಲ್ದು" ಎಂದರು. ಸಂಜೆಗೆ ಸೀನು ಶುರುವಾಯಿತು. ಎಲಾ ಇವರ ಅಂದುಕೊಂಡೆ.

ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಸುಡುಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್. ಫ್ರಿಜ್ಜಿನ ನೀರು ಮುಟ್ಟುತ್ತಿರಲಿಲ್ಲ. ದವಡೆಯಲ್ಲಿ ಸದಾ ಒಂದು ಲವಂಗ. ಯಾರಾದರೂ ಐಸ್‌ಕ್ರೀಮ್ ಕೊಡಿಸಲು ಬಂದರೆ, "ಗಂಟಲಾ ನಂದಲ್ರಿ, ಯಲ್ಲಪ್ಪಂದು" ಎಂದು ಕೈ ಮುಗಿಯುತ್ತಿದ್ದರು.

ಹೊಳೆಮಣ್ಣೂರ ಯಲ್ಲಪ್ಪನೆಂದರೆ ನಮ್ಮ ಕಡೆ ಆಗ ಚಹಾದಂಗಡಿಯ ಗ್ಲಾಸೂ ಕಿವಿ ಕೊಡುತ್ತಿತ್ತು. ಗೀಗೀ ಪದದ ಮೇಳ ಅವನದು. ಮೇಳವೆಂದರೆ ಮೂರೇ ಜನ. ದಪ್ಪು ಬಡಿಯುತ್ತ ಮುಂದೆ ನಿಂತು ಹಾಡುವವನು ಒಬ್ಬ. ಅವನು ಸಾಲು ಮುಗಿಸಿದ ಕೂಡಲೇ ಅದನ್ನೆತ್ತಿಕೊಂಡು "ಗೀಯ ಗೀಯ" ಎಂದು ಮೇಲಕ್ಕೊಯ್ಯುವ ಹಿಮ್ಮೇಳದವರು ಇಬ್ಬರು. ತಾಳದವನು ವರ್ಷಕ್ಕೊಬ್ಬ ಬದಲಾಗುತ್ತಿದ್ದ. ಯಲ್ಲಪ್ಪನ ಹಿಂದೆ ಒಂಟಿ ತಂತಿಯ ತುಂತುಣಿ ಹಿಡಿದು ನಿಂತ ಮೌಲಾಸಾಬರು ಮಾತ್ರ ಬದಲಾಗಲಿಲ್ಲ.

"ಹಿಮ್ಮೇಳ ಅಂದ್ರ ಬೆನ್ನ ಇದ್ದಂಗರಿ," ಅನ್ನುತ್ತಿದ್ದರು. "ಮಂದಿ ನೋಡೂದು ಮಾರೀನ. ಬೆನ್ನ ಯಾರಿಗೂ ಕಾಣಬಾರ್ದು. ಆದ್ರ ಇರಬೇಕು."

ಆ ಮೇಳದ ಕ್ಯಾಸೆಟ್ಟುಗಳು ಒಟ್ಟು ಒಂಬತ್ತು. ಸೀಡಿಗಳು ಬಂದು ಬೇರೆಯವರ ಕ್ಯಾಸೆಟ್ಟುಗಳೆಲ್ಲ ಮೂಲೆ ಸೇರಿದರೂ ಇವು ಮಾತ್ರ ಮೌಲಾಸಾಬರ ಅಂಗಡಿಯ ಮುಂದಿನ ಸಾಲಿನಲ್ಲೇ ಇರುತ್ತಿದ್ದವು. ನನಗೂ ಹುಚ್ಚು. ಆ ಹುಚ್ಚಿನಲ್ಲೇ ನಾನೊಂದು ಘನಕಾರ್ಯ ಮಾಡಿದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ 'ಕೇಳುಗ' ಎಂಬ ಹೆಸರಿನಲ್ಲಿ ಹಾಡಿನ ಕ್ಯಾಸೆಟ್ಟುಗಳ ಬಗ್ಗೆ ಆಗಾಗ ಬರೆಯುತ್ತಿದ್ದೆ. ಪತ್ರಿಕೆಯವರನ್ನು ಬಿಟ್ಟರೆ ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಯಲ್ಲಪ್ಪನ ಒಂಬತ್ತೂ ಕ್ಯಾಸೆಟ್ಟುಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರು ಕೊಟ್ಟು ಬರೆದು ಕಳಿಸಿದೆ. ಎತ್ತು ಮಾರಿದ ಹಾಡಿರುವ ಮೂರನೆಯ ಕ್ಯಾಸೆಟ್ಟು ಎಲ್ಲಕ್ಕಿಂತ ಮೇಲೆ, ಹೊಳೆ ಬಂದು ಊರು ಮುಳುಗಿದ ಹಾಡಿರುವ ಒಂಬತ್ತನೆಯದು ಎಲ್ಲಕ್ಕಿಂತ ಕೆಳಗೆ.

ಪತ್ರಿಕೆ ರವಿವಾರ ಬೆಳಗಿನ ಬಸ್ಸಿಗೆ ಬರುತ್ತಿತ್ತು. ಅದನ್ನು ತಂದವನು ನರಗುಂದ ಬಸ್ಸಿನ ಡ್ರೈವರ್ ಫಕೀರಪ್ಪ. ಅವನಿಗೆ ಅತ್ತೆ ಸೊಸೆಯ ಸವಾಲ್-ಜವಾಬಿನ ಐದನೆಯ ಕ್ಯಾಸೆಟ್ಟೆಂದರೆ ಪ್ರಾಣ. ಅದಕ್ಕೆ ನಾನು ನಾಲ್ಕನೆಯ ಸ್ಥಾನ ಕೊಟ್ಟಿದ್ದೆ. ಬಸ್ಸನ್ನು ಚಾಲೂ ಬಿಟ್ಟೇ ಇಳಿದು ಬಂದ.

"ಯಾವನ ಇಂವಾ ಕೇಳುಗ? ಕಿವಿಯಾಗ ಹತ್ತಿ ಇಟಗೊಂಡ ಕೇಳ್ಯಾನೇನು? ಐದನೇದ್ದು ನಾಕಂತ! ಸಿಕ್ಕರ ಗಾಲಿಗೆ ಕಟ್ಟಿ ಒಯ್ತೇನಿ!"

ಆಗಲೇ ಅಂಗಡಿಯ ಮುಂದೆ ಕೂತಿದ್ದ ನೇಕಾರ ಈರಪ್ಪ ಸುಮ್ಮನಿದ್ದಾನೆಯೇ? "ಏ ಫಕೀರ್ಯಾ, ಬರದಾಂವ ಶ್ಯಾಣ್ಯಾ ಅದಾನ. ಮೂರನೇದ್ದು ಹಚ್ಚಿದ್ರ ನನ್ನ ಮಗ್ಗ ತಾನಽ ನಡೀತೈತಿ. ನಿನ್ನ ಐದನೇದ್ದಕ್ಕ ಒಂದ ಸೀರಿನರ ನೇದ ತೋರಸು ನೋಡೋಣು!"

"ಮಗ್ಗ ನಡಿಯೂದು ಕಾಲಿನಿಂದ, ಕಿವಿಯಿಂದಲ್ಲಲೇ!"

ಜಗಳ ಜೋರಾಯಿತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ತಲೆ ಹಾಕಿ, ಮೊದಲು ಹೊತ್ತಾಯಿತೆಂದು ಬೈದು, ಆಮೇಲೆ ತಾವೂ ಇಳಿದು ಬಂದು ಸೇರಿಕೊಂಡರು. ನಾನು ಕಿಟಕಿಯೊಳಗೆ ರಜಿಸ್ಟರಿನಲ್ಲಿ ಮುಖ ಹುದುಗಿಸಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಆ ಜಾತಿ ನನ್ನದು. ಆದರೂ ಒಳಗೊಳಗೆ ಉಬ್ಬುತ್ತಿದ್ದೆ ಎಂಬುದನ್ನು ಮುಚ್ಚಿಡಲಾರೆ. ನನ್ನ ಬರಹಕ್ಕೆ ಒಂದು ಬಸ್ಸು ನಿಂತಿತ್ತು!

ಕೊನೆಗೆ ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಒಂಬತ್ತನೆಯದರ ವಿಷಯದಲ್ಲಿ. ಫಕೀರಪ್ಪ ನಾನು ಬರೆದದ್ದನ್ನು ದೊಡ್ಡ ದನಿಯಲ್ಲಿ ಓದಿದ: "ಈ ಕ್ಯಾಸೆಟ್ಟಿನಲ್ಲಿ ಹಿಮ್ಮೇಳದವರಿಗೆ ಏನೋ ಅವಸರ. ಮುಂದಿನವರು ಸಾಲು ಮುಗಿಸುವ ಮೊದಲೇ ನುಗ್ಗುತ್ತಾರೆ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲ್ ಒಗೆಯುವವರಂತೆ."

ಎಲ್ಲರೂ ಹೋ ಎಂದು ನಕ್ಕರು. ಮೌಲಾಸಾಬರ ಕೈಯಲ್ಲಿನ ಪೆನ್ಸಿಲ್ ನಿಂತಿತು. ಒಮ್ಮೆ ತಲೆಯೆತ್ತಿ ನನ್ನ ಕಿಟಕಿಯ ಕಡೆ ನೋಡಿದರು. ನೋಡಿ, ಮತ್ತೆ ರೀಲು ಸುತ್ತತೊಡಗಿದರು.

"ಬರದಾಂವ ಕಿವಿ ಇದ್ದಾಂವ," ಎಂದರು. "ನಾ ಮೊದಲ ಎತ್ತಿದ್ದು ಖರೇನ ಐತಿ."

ಅಂದಿನಿಂದ ಅವರಿಗೆ 'ಟವೆಲ್ ಮೌಲಾಸಾಬ' ಎಂಬ ಹೆಸರು ಬಿತ್ತು. ಕಾಲೇಜಿನ ಹುಡುಗರು ಅಂಗಡಿಯ ಮುಂದೆ ಹಾಯುವಾಗ ಕರವಸ್ತ್ರ ಬೀಸಿ ನಗುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಎಲುಬಿಲ್ಲದ ನಾಲಿಗೆಯ ಮಾತು ಅದು, ಅಚ್ಚಾಗಿ ಬೇರೆ ಬಂದಿತ್ತು, ಯಾರಿಂದ ವಾಪಸ್ ಕೇಳಲಿ? ಅವರ ಎದುರು ಹೋಗಿ ಬರೆದವನು ನಾನೇ ಎನ್ನುವ ಧೈರ್ಯವೂ ನನಗೆ ಬರಲಿಲ್ಲ. ದಿನಾ ಅವರದೇ ಚಹಾ ಕುಡಿಯುತ್ತಿದ್ದೆ.

ಎರಡು ತಿಂಗಳ ಮೇಲೆ ಫಕೀರಪ್ಪ ಅಂಗಡಿಗೆ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. ನರಗುಂದದಲ್ಲಿ ಅವನ ಓಣಿಯವರು ಯಲ್ಲಪ್ಪನ ಹಾಡಿಕೆ ಇಟ್ಟುಕೊಂಡಿದ್ದರು. ಆ ಹೊತ್ತಿಗೆ ಯಲ್ಲಪ್ಪನಿಗೆ ವರ್ಷಕ್ಕೆ ಮೂರೋ ನಾಲ್ಕೋ ಊರಿನಿಂದ ಹಾಡಲು ವೀಳ್ಯ ಬಂದರೆ ಹೆಚ್ಚು. ಅವನ ಒಲೆ ಉರಿಯುತ್ತಿದ್ದದ್ದೇ ಅದರ ಮೇಲೆ.

"ಮೌಲಾ ಕಾಕಾ, ತಪ್ಪ ತಿಳಕೋಬ್ಯಾಡ. ಯಲ್ಲಪ್ಪಣ್ಣ ಬರಲಿ ಅಂತಾರ. ಹಿಮ್ಮೇಳಕ್ಕ ಮಾತ್ರ ಬ್ಯಾರೆ ಯಾರನ್ನರ ಕರ್ಕೊಂಡ ಬರಲಿ ಅಂತಾರ. ಪೇಪರಿನ್ಯಾಗ ಹಂಗ ಬಂದಮ್ಯಾಲೆ..."

ಮೌಲಾಸಾಬರ ಮುಖ ಸುಣ್ಣದಂತೆ ಬಿಳುಪಾಯಿತು. ತಮ್ಮನ್ನು ಬಿಟ್ಟರಲ್ಲ ಎಂಬ ನೋವು ಅದು ಎಂದು ನಾನು ತಿಳಿದೆ. ಪಾಪ ಎನಿಸಿತು.

"ನನ್ನ ಹೆಸರ ಹೇಳಬ್ಯಾಡ್ರಿ. ನಾ ಬುರಕಾ ಹಾಕ್ಕೊಂಡರ ಹಾಡ್ತೇನಿ, ಪರದೇದ ಹಿಂದ ನಿಂತರ ಹಾಡ್ತೇನಿ," ಎಂದರು. ನಗೆಯ ಮಾತು, ಆದರೆ ದನಿ ನಡುಗುತ್ತಿತ್ತು. "ಯಲ್ಲಪ್ಪನ ಹಿಂದ ನಾನಽ ಇರಬೇಕ್ರೀಪಾ."

ಫಕೀರಪ್ಪ ಹೊಳೆಮಣ್ಣೂರಿಗೇ ಹೋಗಿ ಕೇಳಿದ. ಯಲ್ಲಪ್ಪ ಒಂದೇ ಮಾತಿನಲ್ಲಿ, "ಮೌಲಾ ಇಲ್ಲಂದ್ರ ನಾನೂ ಇಲ್ಲ" ಎಂದನಂತೆ. ನರಗುಂದದವರು ಬೇರೆ ಮೇಳ ಕರೆಸಿದರು. ಹಟಮಾರಿ ಮುದುಕ, ಸೊಕ್ಕು ನೋಡು ಎಂದರು ಜನ. ಸುದ್ದಿ ಊರಿಂದೂರಿಗೆ ಹೋಗಿ ಉಳಿದ ವೀಳ್ಯಗಳೂ ನಿಂತವು. ಆಮೇಲೆ ಯಲ್ಲಪ್ಪ ಎಲ್ಲೂ ಹಾಡಲಿಲ್ಲ. ವರ್ಷ ತುಂಬುವುದರೊಳಗೆ ತೀರಿಕೊಂಡ.

ಆ ದಿನ ಮೌಲಾಸಾಬರು ಅಂಗಡಿಗೆ ಬೀಗ ಹಾಕಿ ನನ್ನ ಕಿಟಕಿಗೆ ಬಂದು, "ಹೊಳೆಮಣ್ಣೂರಿಗೆ ಬಸ್ ಯಾವಾಗೈತ್ರಿ?" ಎಂದು ಕೇಳಿದರು. ದಿನಾ ನನ್ನ ಬಾಯಿಂದ ಕೇಳುತ್ತಿದ್ದ ಬಸ್ಸಿನ ವೇಳೆ ಅವರಿಗೆ ನೆನಪಿರಲಿಲ್ಲ. ನಾನು ಅರ್ಧ ದಿನದ ರಜೆ ಹಾಕಿ ಜೊತೆಗೆ ಹೊರಟೆ.

ಯಲ್ಲಪ್ಪನ ಮನೆ ಹೊಳೆಯ ದಂಡೆಯಲ್ಲಿತ್ತು. ಗೋಡೆಯ ಮೇಲೆ ಎದೆಮಟ್ಟದವರೆಗೆ ಹಿಂದಿನ ನೆರೆಯ ಕಂದು ಗೆರೆ. ಹೆಣ ಕೂಡಿಸಿದ್ದರು, ತೊಡೆಯ ಮೇಲೆ ದಪ್ಪು ಇಟ್ಟಿದ್ದರು. ಅವನ ಹೆಂಡತಿ ಶಾಂತವ್ವ ಮೌಲಾಸಾಬರನ್ನು ಕಂಡದ್ದೇ ಎದೆ ಬಡಿದುಕೊಂಡು ಹಾಡಿ ಅತ್ತಳು.

"ಬಂದೇನೋ ನನ್ನಪ್ಪಾ ಮೌಲಾ! ನಿನ್ನ ಉಸುರಿನ ಮ್ಯಾಲೆ ಬದಕಿದಾಂವ ಹ್ವಾದ್ನೋ! ಅರ್ಧಾ ಸಾಲಿಗೆ ಕೆಮ್ಮ ಬಂದ್ರ ನೀ ಎತ್ತಿ ಮುಚ್ಚತಿದ್ದಿ, ಯಾರಿಗೂ ಗೊತ್ತಾಗಗೊಡಲಿಲ್ಲೋ! ಕಡೀ ಕ್ಯಾಸೆಟ್ಟಿನ್ಯಾಗ ಅವನ ಎದಿಯಾಗ ಗಾಳಿನ ಇರಲಿಲ್ಲೋ ನನ್ನಪ್ಪಾ!"

ನಾನು ಗೋಡೆಗೆ ಆನಿಕೊಂಡೆ. ಅವಸರ ಎಂದು ಬರೆದಿದ್ದೆ ನಾನು. ಕಿವಿ ಇದ್ದವನು ನಾನು! ಇಪ್ಪತ್ತು ಹೆಜ್ಜೆ ದೂರದಿಂದ ನನ್ನ ಉಸಿರು ಹಿಡಿಯುತ್ತಿದ್ದ ಮನುಷ್ಯ ಯಾವ ಕಾರಣಕ್ಕೆ ಸಾಲು ಮುಗಿಯುವ ಮೊದಲೇ ಎತ್ತಿಕೊಂಡಾನು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಅವರನ್ನು ಬಿಟ್ಟು ಹಾಡಲು ಯಲ್ಲಪ್ಪನಿಗೆ ಆಗುತ್ತಲೇ ಇರಲಿಲ್ಲ. ಆ ಮುದುಕನ ಕೊನೆಯ ಹಾಡಿಕೆಗಳನ್ನು, ಬಾಯಿಗೆ ಬರುವ ತುತ್ತನ್ನು, ಒಂದು ಟವೆಲ್ಲಿನ ಚಂದಕ್ಕಾಗಿ ನಾನು ಕಸಿದುಕೊಂಡಿದ್ದೆ.

ಮಣ್ಣು ಕೊಟ್ಟು ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತೆ. ರೋಣ ದಾಟಿದ ಮೇಲೆ ಬಾಯಿ ಬಂತು.

"ಮೌಲಾಸಾಬ್ರ, ಪೇಪರಿನ್ಯಾಗ ಅದನ್ನ ಬರದಾಂವ ನಾನರಿ."

"ಗೊತ್ತೈತ್ರಿ," ಎಂದರು, ಕಿಟಕಿಯ ಹೊರಗೆ ನೋಡುತ್ತಲೇ. "ಟವೆಲ್ ಒಗಿಯೂದು ದಿನಾ ಕಿಟಕಿಯಾಗ ಕುಂತ ನೋಡಾವ್ರು ನೀವೊಬ್ಬರ. ಅವತ್ತಽ ತಿಳೀತು."

"ಮತ್ತ ನನಗರ ಹೇಳಬಾರದಿತ್ತೇನ್ರಿ? ಹಿಂಗೈತಿ ಅಂತ?"

ಅವರು ಕಿಟಕಿಯಿಂದ ಈ ಕಡೆ ತಿರುಗಿದರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಹೇಳಿದ್ರ ನೀವು ಬರೀತಿದ್ರಿ ಸಾಹೇಬ್ರ. ನಿಮ್ಮ ಕೈ ಸುಮ್ಮ ಇರ್ತಿರಲಿಲ್ಲ. ಯಲ್ಲಪ್ಪಗ ಉಸುರಿಲ್ಲ ಅಂತ ಊರಿಗೆಲ್ಲಾ ಆಗ್ತಿತ್ತು. ನಾ ಟವೆಲ್ ಆದ್ರ ಏನಾತ್ರಿ, ಅಂವಾ ಹಾಡಗಾರ ಆಗೇ ಸತ್ತ."

ನಾನು ಬಸ್ಸಿನಲ್ಲೇ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಮುಂದಿನ ವಾರವೇ ಒಂಬತ್ತನೆಯದನ್ನು ಮೊದಲಿಗಿಟ್ಟು ಬರೆಯುತ್ತೇನೆ ಎಂದೆ. "ಶಾಂತವ್ವ ಇರೂತನಾ ಬ್ಯಾಡ್ರಿ. ಮನಿಯಾಗ ಹಾಡಿ ಅತ್ತಿದ್ದು ಬ್ಯಾರೆ, ಪೇಪರಿನ್ಯಾಗ ಬರೂದು ಬ್ಯಾರೆ," ಎಂದರು. ಊರಿಗೆ ಬಂದು ಬೀಗ ತೆಗೆದು, ಒಂಬತ್ತನೆಯ ಕ್ಯಾಸೆಟ್ಟು ನನ್ನ ಕೈಗಿಟ್ಟರು. "ಇನ್ನೊಮ್ಮೆ ಕೇಳ್ರಿ. ನನ್ನ ಕೇಳಬ್ಯಾಡ್ರಿ, ಅವನ್ನ ಕೇಳ್ರಿ."

ಕೇಳಿದೆ. ಪ್ರತಿ ಸಾಲಿನ ಕೊನೆಗೆ, ದಪ್ಪಿನ ಸದ್ದಿನ ಕೆಳಗೆ, ಒಂದು ಉಸಿರು ಎಳೆಯಲು ಹೋಗಿ ಸಿಗದೆ ನಿಲ್ಲುತ್ತದೆ. ಅಲ್ಲಿಗೆ ಸರಿಯಾಗಿ ಮೌಲಾಸಾಬರ ದನಿ ಬರುತ್ತದೆ. ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ತಡವಲ್ಲ. ಅದಕ್ಕೆ ನಂಬರು ಕೊಡುವ ಯೋಗ್ಯತೆ ನನಗಿರಲಿಲ್ಲ.

ಯಲ್ಲಪ್ಪ ಹೋದ ಮೇಲೆ ಮೌಲಾಸಾಬರು ಮಫ್ಲರ್ ಬಿಟ್ಟರು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಫ್ರಿಜ್ಜಿನ ನೀರು ಗಟಗಟ ಕುಡಿಯುತ್ತಿದ್ದರು. ನನ್ನನ್ನು ಕಂಡು, "ಇನ್ನ ಯಾರಿಗೆ ಕಾಯೂದ್ರಿ ಇದನ್ನ?" ಎಂದು ಕೊರಳು ಮುಟ್ಟಿಕೊಂಡರು. ಮರುವರ್ಷ ನನಗೆ ರೋಣಕ್ಕೆ ವರ್ಗವಾಯಿತು. ಹೊರಡುವ ದಿನ ಬಸ್ಸಿನ ತನಕ ಬಂದು, ಕಿಟಕಿಯಿಂದ ಒಳಗೆ ತಮ್ಮ ಟವೆಲ್ ಒಗೆದು ನನಗೆ ಸೀಟು ಹಿಡಿದರು. ಹಿಡಿದು ನಕ್ಕರು. ಅದೇ ಕೊನೆಯ ಭೇಟಿ.

ಸುದ್ದಿ ತಂದವನು ಫಕೀರಪ್ಪ. ಬೆಳಗಿನ ನಮಾಜು ಮುಗಿಸಿ ಬಂದವರು ಎದೆ ಹಿಡಿದು ಕೂತರಂತೆ, ದವಾಖಾನೆಗೆ ಒಯ್ಯುವಷ್ಟರಲ್ಲಿ ಆಗಿಹೋಗಿತ್ತು. ನನಗೆ ತಿಳಿದದ್ದು ಎರಡು ದಿನ ತಡವಾಗಿ. ಅವರಿಗೆ ಹಿಡಿ ಮಣ್ಣು ಹಾಕುವುದೂ ನನ್ನಿಂದಾಗಲಿಲ್ಲ.

ಈಗ ಶಾಂತವ್ವನೂ ಇಲ್ಲ, ಆ ಪತ್ರಿಕೆಯೂ ಇಲ್ಲ. ಅದಕ್ಕೇ ಇದನ್ನು ಬರೆದೆ.

ಅವರು ಹೋಗಿ ಆರು ತಿಂಗಳಾದ ಮೇಲೆ, ಒಂದು ದಿನದ ಮಟ್ಟಿಗೆ ಗಜೇಂದ್ರಗಡದ ಕಂಟ್ರೋಲ್ ರೂಮಿಗೆ ನನ್ನನ್ನು ಹಾಕಿದ್ದರು. ಎದುರಿನ ಅಂಗಡಿ ಮೊಬೈಲ್ ಅಂಗಡಿಯಾಗಿತ್ತು, ಹಾಡು ಜೋರಾಗಿ ಹಚ್ಚಿದ್ದರು. ಹೊಳೆಮಣ್ಣೂರಿಗೆ ಹೋಗುವ ಮಧ್ಯಾಹ್ನದ ಬಸ್ಸು ಬಂತು. ನಾನು ಗುಂಡಿ ಒತ್ತಿ ಉಸಿರೆಳೆದುಕೊಂಡೆ. ಎಳೆದುಕೊಂಡು, ಅಭ್ಯಾಸಬಲದಿಂದ ಕಾದೆ. ಯಾರೂ ದನಿ ತಗ್ಗಿಸಲಿಲ್ಲ.

"ರೋಣದ ಮೇಲೆ ಹೊಳೆ..." ಅಂದೆ. ಮುಂದಿನ ಅಕ್ಷರ ಹೊರಡಲಿಲ್ಲ. ಗುಂಡಿ ಒತ್ತಿಯೇ ಇತ್ತು, ಸ್ಪೀಕರಿನಲ್ಲಿ ಬರೀ ನನ್ನ ಉಸಿರು ಬರುತ್ತಿತ್ತು. ಗಂಟು ಹೊತ್ತು ನಿಂತಿದ್ದ ಹೆಣ್ಣುಮಗಳೊಬ್ಬಳು ಕಿಟಕಿಗೆ ಬಂದು, "ಪೂರಾ ಹೇಳ್ರೀಯಪ್ಪಾ, ಎಲ್ಲಿಗೆ ಹೊಕ್ಕೈತಿ ಇದು?" ಎಂದಳು.