ಅವನ ಗಾಣಕ್ಕೆ ನಮ್ಮ ಎತ್ತು

ಗಾಣದ ಬಳಿಗೆ ಬಂದವರನ್ನು ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ಕಮಲಾಪುರದ ಸೀಮೆಯಲ್ಲಿ ಇರಲಿಲ್ಲ. ದಾರಿಹೋಕನಿಗೂ ವೈರಿಗೂ ಒಂದು ತಂಬಿಗೆ ಸಲ್ಲುತ್ತಿತ್ತು. ಆ ರೂಢಿಯನ್ನು ಮುರಿದವನು ನಮ್ಮ ಹೊಲದ ನೆರೆಯವನು. ನಾವು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ವರ್ಷ ನನ್ನ ಹೆಂಡತಿ ತಂಬಿಗೆ ಹಿಡಿದು ಅವನ ಗಾಣದ ಮುಂದೆ ನಿಂತಾಗ, ಕೂಲಿಯಾಳುಗಳೆಲ್ಲ ಕೇಳುವಂತೆ ಅವನೆಂದ: “ದೇವರನ್ನ ಬದಲಿ ಮಾಡೀರಲ್ಲ, ಹಾಲೂ ಅಲ್ಲೇ ಕೇಳಹೋಗ್ರಿ.” ಯಾರು ನಕ್ಕರು, ಯಾರು ತಲೆ ತಗ್ಗಿಸಿದರು ಎಂಬುದನ್ನು ಅವಳಿಂದ ಕೇಳಿ ತಿಳಿದುಕೊಂಡೆ, ಇಂದಿಗೂ ಹೇಳಬಲ್ಲೆ.

ಭಾನುವಾರ ಬಂಡಿ ಕಟ್ಟಿಕೊಂಡು ಹೊಸಪೇಟೆಯ ಚರ್ಚಿಗೆ ಹೋಗುತ್ತಿದ್ದೆವು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ ಎನ್ನುವ ಮಾತು ಬಂದೊಡನೆ ನಾನು ಬಾಯಿ ಮುಚ್ಚುತ್ತಿದ್ದೆ. ದೇವರೆದುರು ಸುಳ್ಳಾಡುವುದು ನನ್ನಿಂದಾಗದು. ಆ ಮಾತು ಬಿಟ್ಟವನಿಗೆ ತನ್ನ ತಪ್ಪಿಗೆ ಕ್ಷಮೆ ಬೇಡುವ ಹಕ್ಕೂ ಉಳಿಯದೆಂದು ಬಲ್ಲೆ. ಆದರೂ ತುಟಿ ಬಿಚ್ಚಲಿಲ್ಲ.

ಮರುವರ್ಷ ಅವನ ಎತ್ತೊಂದು ಕಾಲುವೆಯ ಏರಿಯಿಂದ ಜಾರಿ ಕಾಲು ಮುರಿದುಕೊಂಡಿತು. ಕಡಿದ ಕಬ್ಬು ರಾಶಿ ಬಿದ್ದಿತ್ತು. ಬಿಸಿಲಿಗೆ ಒಣಗಿದರೆ ವರ್ಷದ ಬೆಲ್ಲವೇ ಹೋದಂತೆ. ಊರಿನ ಎತ್ತುಗಳೆಲ್ಲ ತಂತಮ್ಮ ಗಾಣದಲ್ಲಿ ತಿರುಗುತ್ತಿದ್ದವು. ಬಿಡುವಾಗಿದ್ದದ್ದು ನಮ್ಮ ಜೋಡಿ ಮಾತ್ರ. ಅವನ ತಾಯಿ ನಮ್ಮ ಅಂಗಳಕ್ಕೆ ಬಂದಳು.

“ಯಪ್ಪಾ, ಎತ್ತು ಕೊಟ್ಟು ಪುಣ್ಯಾ ಕಟ್ಕೋ.”

“ನಿನ್ನ ಮಗಗ ಬಾಯಿ ಬಿದ್ದೈತೇನವ್ವಾ? ಅವತ್ತು ಭಾಳ ಜೋರಿತ್ತಲ್ಲ!”

“ಯಾವ ಮಕ ಹೊತ್ಕೊಂಡು ಬರ್ತಾನಪ್ಪಾ ಅವ?”

ಒಲೆಯ ಬಳಿಯಿದ್ದ ನನ್ನ ಹೆಂಡತಿ ಹೊರಗೆ ಬಂದು, “ಎತ್ತು ಕೊಡ್ರಿ,” ಎಂದಳು.

“ಅವ ನಿನಗಂದದ್ದು ಮರತೀಯೇನು?”

“ಮರತಿಲ್ರಿ. ಆದ್ರ ಅಂದದ್ದು ನನಗ. ಅದನ್ನ ಎಮ್ಮಿ ಕರುವಿನಂಗ ಮೇಯಿಸಿ ನೀವ್ಯಾಕ ಸಾಕ್ತೀರಿ?”

ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಸಿಟ್ಟು ಇಮ್ಮಡಿಯಾಯಿತು. ಸಿಟ್ಟು ತಣಿದ ಮೇಲೆ ಕರುಣೆ ತಾನಾಗಿ ಬರುವುದೆಂದು ನಾನು ವರ್ಷವಿಡೀ ಕಾದಿದ್ದೆ. ಆದರೆ ಕರ್ತನು ಶಿಲುಬೆಯ ಮೇಲೆ ತನ್ನನ್ನು ಕೊಲ್ಲುವವರಿಗಾಗಿ ಕ್ಷಮೆ ಬೇಡಿದಾಗ ಮೊಳೆಗಳು ಇನ್ನೂ ಕೈಯಲ್ಲೇ ಇದ್ದವು. ಅವಮಾನವನ್ನು ಮರೆತವನಿಗೆ ಕ್ಷಮಿಸುವ ಕೆಲಸವೇ ಇರುವುದಿಲ್ಲ. ನನ್ನಂಥ ನೆನಪಿನವನಿಗೇ ಅದು ಹೊಂದುತ್ತದೆ. ಎತ್ತುಗಳನ್ನು ಬಿಚ್ಚಿದೆ. ಅವನ ಕೈಗೆ ಕೊಡಲು ಮನಸ್ಸಾಗದೆ ನಾನೇ ಹೊಡೆದುಕೊಂಡು ಹೋದೆ.

ದಿನವಿಡೀ ಅವನು ಗಾಣಕ್ಕೆ ಕಬ್ಬು ಕೊಟ್ಟ, ನಾನು ಎತ್ತಿನ ಹಿಂದೆ ಸುತ್ತಿದೆ. ಒಮ್ಮೆ ಮಾತ್ರ, “ನಿಮ್ಮ ಎತ್ತು ಛಲೋ ಅದಾವ್ರಿ,” ಎಂದ.

“ಹೊಟ್ಟಿಗೆ ಹಾಕಿದ್ರ ಯಾರ ಎತ್ತಾದರೂ ಛಲೋ ಇರ್ತಾವ,” ಎಂದೆ.

ಅವನು ತಪ್ಪಾಯಿತು ಎನ್ನಲಿಲ್ಲ. ಮುಂದೆಯೂ ಎಂದೂ ಅನ್ನಲಿಲ್ಲ. ಸಂಜೆಗೆ ರಾಶಿಯಲ್ಲಿ ಅರ್ಧ ಉಳಿದಿತ್ತು. ಮರುದಿನ ಬೆಳಿಗ್ಗೆ ಎತ್ತು ಕೇಳಲು ಅವನ ಮನೆಯಿಂದ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಎತ್ತುಗಳಿಗೆ ನೀರು ಕುಡಿಸಿ, ಅವನ್ನು ಹೊಡೆದುಕೊಂಡು ಅವನ ಗಾಣದ ಕಡೆ ನಡೆದೆ.