ಗುರುವಾರದ ಹೊಗೆ

ಹೈದರಸಾಬನ ಮಗಳು ಅಸ್ಫಿಯಾ ಗಾಳಿ ತೂಗುತ್ತಾಳೆ ಅನ್ನೋ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಪಾಲಾಕ್ಷಪ್ಪನ ಬಾಯಿಂದ. ಪಾಲಾಕ್ಷಪ್ಪ ನನ್ನ ಭಾವನ ಮಗ. ಕೊಟ್ಟೂರಿನಲ್ಲಿ ನಮ್ಮ ಹಿತ್ತಲಗೋಡೆ ದಾಟಿದರೆ ಅವನ ಮಂಡಕ್ಕಿ ಭಟ್ಟಿ. ಆವತ್ತು ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ಅವನು ಕಟ್ಟೆಗೆ ಕೂಡದೆ ನಿಂತುಕೊಂಡೇ ಶುರು ಮಾಡಿದ.

“ಚಿಗವ್ವಾ, ಬಸ್‌ಸ್ಟ್ಯಾಂಡ್ ಹತ್ರ ಗ್ಯಾರೇಜಿನ ಹೈದರಸಾಬ ಇಲ್ಲೇನು, ಅವನ ಮಗಳು ಗಾಳಿ ತೂಗತಾಳಂತ. ನಿನ್ನ ಮಾಳಿಗಿ ಕೇಳಾಕ ಬರ್ತಾಳ. ಕೊಡಬ್ಯಾಡ.”

“ಗಾಳಿ ತೂಗಿ ಯಾರಿಗೆ ಮಾರ್ತಾಳೋ?”

“ಮಾರೋದಲ್ಲ. ಯಾರ ಹೊಗಿ ಎಷ್ಟು ಅಂತ ಮ್ಯಾಲಿನವ್ರಿಗೆ ಬರದು ಕಳಸ್ತಾಳ. ಅವರು ಬಂದು ನನ್ನ ಭಟ್ಟಿ ಬಂದ್ ಮಾಡಸ್ತಾರ.”

ನನ್ನ ಬುದ್ಧಿ ಹೇಗೆ ಅಂದರೆ, ಕೊಡಬೇಡ ಅಂದವರ ಮುಖವನ್ನೇ ಮೊದಲು ನೋಡುತ್ತೇನೆ. ಬರೀ ಭತ್ತದ ಹೊಟ್ಟು ಉರಿಸುವವನಿಗೆ ಇಷ್ಟು ಹೆದರಿಕೆ ಯಾತಕ್ಕೆ? ಅವನ ಹೊಟ್ಟಿನ ರಾಶಿಯ ಮೇಲೆ ಹಳೇ ಟೈರು ಬಿದ್ದಿದ್ದವು. ಕೇಳಿದರೆ, ತಾಡಪಾಲು ಹಾರಬಾರದು ಅಂತ ಹೇರಿದ್ದು ಅನ್ನುತ್ತಿದ್ದ. ಇರಬಹುದು. ಟೈರು ಚಲೋ ಉರಿಯುತ್ತದೆ ಅನ್ನುವುದೂ ನನಗೆ ಗೊತ್ತು. ಅವನು ಬೇಡ ಅಂದದ್ದಕ್ಕೇ ನಾನು ಮಾಳಿಗೆ ಕೊಟ್ಟೆ.

ಕೊಟ್ಟೆ ಅಂದಮಾತ್ರಕ್ಕೆ ಅವಳನ್ನು ನಂಬಿದೆ ಅಂತಲ್ಲ. ಅಸ್ಫಿಯಾಳನ್ನು ನಾನು ಸಣ್ಣಾಕಿ ಇದ್ದಾಗಿಂದ ಕಂಡವಳು. ಗ್ಯಾರೇಜಿನ ಮುಂದೆ ತಗಡಿನ ಡಬ್ಬಿಯ ಮೇಲೆ ಕೂತು ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುತ್ತಿದ್ದಳು. ತಾಯಿ ಮಹಬೂಬ್ ಬೀಗೆ ಉಬ್ಬಸ. ಮೆಕ್ಕೆಜೋಳದ ರಾಶಿ ಶುರುವಾಯಿತು ಅಂದರೆ ಆಯಮ್ಮ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಬೇಕು. ಡಾಕ್ಟರು ಧೂಳು, ಧೂಳು ಅನ್ನುತ್ತಿದ್ದರಂತೆ. ಯಾವ ಧೂಳು, ಎಲ್ಲಿಯದು ಅಂತ ಕೇಳಿದರೆ ಮಾತ್ರೆ ಚೀಟಿ ಬರೆದು ಕೊಡುತ್ತಿದ್ದರಂತೆ. ಹುಡುಗಿಗೆ ಅದೇ ಹಟ ಹಿಡಿಯಿತು. ಹರಪನಹಳ್ಳಿಗೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಸೈನ್ಸ್ ಓದಿದಳು. ಆಮೇಲೆ ಯುನಿವರ್ಸಿಟಿ. ಈಗ ಸಂಶೋಧನೆ.

“ನಿಮ್ಮಪ್ಪನ ಗ್ಯಾರೇಜಿನ ಮ್ಯಾಲ ಇಡಬೇಕಾಗಿತ್ತು. ಅಲ್ಲಿ ಹೊಗಿ ಬರ ಐತೇನು?” ಅಂತ, ಅವಳು ಗಾಳಿ ಅಳೆಯುವ ಡಬ್ಬಿ ಇಡಲು ಮಾಳಿಗೆ ಕೇಳಿಕೊಂಡು ಬಂದಾಗ ಕೇಳಿದೆ.

“ಅಲ್ಲಿ ಇಟ್ರ ನಮ್ಮಪ್ಪನ ಹೊಗಿ ಅಷ್ಟ ಸಿಗತೈತ್ರಿ ಅಜ್ಜಿ, ಊರಿಂದು ಸಿಗಂಗಿಲ್ಲ” ಅಂದಳು. ಬಾಯಿ ಜೋರೇ.

ಓಜೋನ್ ಅಂತ ಒಂದು ಗಾಳಿ ಇದೆಯಂತೆ. ಮುಗಿಲೆತ್ತರದಲ್ಲಿ ಇದ್ದರೆ ನಮಗೆ ನೆರಳು ಕೊಡುತ್ತದಂತೆ, ನೆಲದ ಹತ್ತಿರ ಹುಟ್ಟಿದರೆ ಗಂಟಲು ಎದೆ ಸುಡುತ್ತದಂತೆ. ಗಾಡಿ, ಭಟ್ಟಿ, ಹೊಲದ ಬೆಂಕಿ ಇವೆಲ್ಲದರ ಹೊಗೆಯನ್ನು ಮಧ್ಯಾಹ್ನದ ಬಿಸಿಲು ಅಡಿಗೆ ಮಾಡಿದಂಗೆ ಬೇಯಿಸಿ ಅದನ್ನು ಮಾಡುತ್ತದಂತೆ. ಅದರ ಜೊತೆ ಕಣ್ಣಿಗೆ ಕಾಣದ ಸಣ್ಣ ಧೂಳು ಬೇರೆ. ಎರಡನ್ನೂ ಅವಳ ಡಬ್ಬಿ ಎಣಿಸಿ ಫೋನಿಗೆ ಕಳಿಸುತ್ತದೆ. ನನಗೆ ಒಳಗೊಳಗೇ ಅನುಮಾನ, ಧೂಳು ಎಣಿಸುವ ಡಬ್ಬಿ ನಮ್ಮ ಮಾತು ಎಣಿಸುವುದಿಲ್ಲ ಅಂತ ಏನು ಗ್ಯಾರಂಟಿ? ಮಾಳಿಗೆಯ ಬೆಳಕಿಂಡಿಯ ಪಕ್ಕದಲ್ಲೇ ಅದನ್ನು ನಿಲ್ಲಿಸಿದ್ದರಿಂದ ಅದರ ಕೆಳಗೆ ನಿಂತು ನಾನು ಯಾರ ಸುದ್ದಿಯನ್ನೂ ಆಡುತ್ತಿರಲಿಲ್ಲ.

ಡಬ್ಬಿ ಇಡಲು ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಟ್ಟವನು ಹೈದರಸಾಬ. ನಂಬರ್ ಪ್ಲೇಟ್ ಬರೆಯುವವನ ಕೈಲಿ ಡಬ್ಬಿಯ ಮೇಲೆ ಮಗಳ ಹೆಸರನ್ನು ದಪ್ಪಗೆ ಬರೆಸಿದ. ಆಗಾಗ ಹಿಂದಿನ ಮೆಟ್ಟಿಲು ಹತ್ತಿ ಬಂದು ನಟ್ಟು ಬಿಗಿ ಮಾಡಿ ಹೋಗುತ್ತಿದ್ದ. ಊರಿಗೆಲ್ಲಾ ಅದು ಗೊತ್ತಿತ್ತು.

ರಾಶಿಯ ಕಾಲ ಮುಗಿಯುವ ಹೊತ್ತಿಗೆ ಅಸ್ಫಿಯಾ ಒಂದು ದಿನ ಮುಖ ಗಂಟು ಹಾಕಿಕೊಂಡು ಬಂದಳು.

“ಅಜ್ಜಿ, ಗುರುವಾರ ಸಂಜಿಮುಂದ ನೀವು ಏನಾರ ಸುಡ್ತೀರೇನು?”

“ಗುರುವಾರ ಸಂಜಿಗೆ ನಾ ಮನ್ಯಾಗ ಇರಂಗೇ ಇಲ್ಲ. ಮಠದಾಗ ಭಜನಿ. ಯಾಕ?”

ಫೋನ್ ತೋರಿಸಿದಳು. ಧೂಳಿನ ಲೆಕ್ಕದ ಗೆರೆ ನೆಲದಲ್ಲಿ ತೆವಳಿಕೊಂಡು ಹೋಗಿ, ಗುರುವಾರ ಸಂಜೆಗೆ ತಾಳೆಮರದಂಗೆ ಎದ್ದು ನಿಂತಿತ್ತು. ವಾರ ವಾರವೂ ಹಂಗೇ. ಇಷ್ಟು ಎದ್ದರೆ ಬೆಂಕಿ ತೀರಾ ಹತ್ತಿರದಲ್ಲೇ ಇರಬೇಕು ಅಂತ ಅವಳ ಗೈಡ್ ಸಾರ್ ಹೇಳಿದ್ದರಂತೆ. ಪಾಲಾಕ್ಷಪ್ಪನಿಗೆ ಹೊಟ್ಟಿನ ಲೋಡು ಬರುವುದೂ ಗುರುವಾರ, ಹೊಸ ಉರಿ ಹಾಕುವುದೂ ಗುರುವಾರ. ನಾನು ಟೈರಿನ ಸುದ್ದಿ ಹೇಳಿದೆ. ಅವಳು ಗೈಡ್‌ಗೆ ಫೋನ್ ಹಚ್ಚಿ ಭಟ್ಟಿಯ ಹೆಸರು ಹೇಳಿದ್ದು ನನಗೆ ಕೇಳಿಸಿತು. ಅಧಿಕಾರಿಗಳ ಮುಂದೆ ಓದುವ ಪ್ರಬಂಧದಲ್ಲಿ ಆ ಹೆಸರು ಸೇರುತ್ತದೆ ಅಂತಾಯಿತು.

ಪಾಲಾಕ್ಷಪ್ಪನಿಗೆ ಅದು ಹೆಂಗೋ ಮುಟ್ಟಿತು. ಅಸ್ಫಿಯಾ ಮತ್ತೆ ನಮ್ಮ ಮನೆಗೆ ಬಂದ ದಿನ ಗೋಡೆ ಮೇಲಿಂದ ತಲೆ ಹಾಕಿದ.

“ಏನವ್ವಾ ವಿಜ್ಞಾನಿ, ನಾ ಟೈರ್ ಸುಡೋದು ನೀ ನೋಡೀಯೇನು?”

“ನಾ ನೋಡಿಲ್ಲ ಅಣ್ಣಾರ, ಡಬ್ಬಿ ನೋಡೈತಿ.”

“ಡಬ್ಬಿಗೆ ಕಣ್ಣಿಲ್ಲ. ಇಟ್ಟವ್ರಿಗೆ ಇರಬೇಕು. ಭಟ್ಟಿ ಮುಚ್ಚಿದ್ರ ಮಂಡಕ್ಕಿ ಹುರಿಯೋ ಹೆಣಮಕ್ಕಳನ್ನ ನಿನ್ನ ಡಬ್ಬಿ ಸಾಕತೈತೇನು?”

ಆ ಮಾತು ಅವಳಿಗೆ ನಾಟಿತು. ಮುಂದಿನ ಗುರುವಾರ ಹೇಳದೆ ಕೇಳದೆ ಬಂದು, “ಅಜ್ಜಿ, ಇವತ್ತು ಭಜನಿ ಬಿಡ್ರಿ. ಕಣ್ಣಾರೆ ನೋಡೂಣು” ಅಂದಳು.

ಯಾರು ಬಂದರೂ ಮನೆ ಖಾಲಿ ಅಂದುಕೊಳ್ಳಲಿ ಅಂತ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಹಿತ್ತಲಿಂದ ಒಳಗೆ ಬಂದು ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತೆವು. ಮೇಲೆ ಡಬ್ಬಿಯೊಳಗಿನ ಗಾಳಿ ಎಳೆಯುವ ಪಂಪು ಕೂಸಿನ ಗೊರಕೆಯಂಗೆ ಸಣ್ಣಗೆ ಗುರ್ ಅನ್ನುತ್ತಿತ್ತು. ಪಾಲಾಕ್ಷಪ್ಪನೇ ಗೋಡೆ ಹಾರಿ ಬಂದು ಡಬ್ಬಿ ಕೆಡಿಸುತ್ತಾನೋ ಏನೋ ಅಂತ ನನಗೆ. ಅಥವಾ ಈ ಹುಡುಗಿಯೇ ಏನಾದರೂ ಆಟ ಹೂಡಿದ್ದಾಳೋ. ಮಬ್ಬುಗತ್ತಲೆಯಲ್ಲಿ ಅವಳ ಮುಖವನ್ನೂ ಓರೆಗಣ್ಣಲ್ಲಿ ನೋಡಿಕೊಂಡೇ ಕೂತಿದ್ದೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಬೆಳಕಿಂಡಿಗೆ ನೆರಳು ಬಿತ್ತು. ಆಮೇಲೆ ವಾಸನೆ. ಟೈರಿನದಲ್ಲ, ಲೋಬಾನದ ಧೂಪದ್ದು.

ಹೈದರಸಾಬ. ಒಂದು ಕೈಯಲ್ಲಿ ಕೆಂಡದ ಮಣ್ಣಿನ ಬಟ್ಟಲು. ಇನ್ನೊಂದು ಕೈಯಿಂದ ಹೊಗೆಯನ್ನು ಬಳಿದು ಬಳಿದು ಡಬ್ಬಿಯ ಬಾಯಿಗೇ ತುಂಬುತ್ತಿದ್ದ. ಕಾಯಿಲೆ ಮಗುವಿಗೆ ಹಾಲು ಕುಡಿಸುವಂಗೆ. ಮಗಳ ಹೆಸರಿನ ಮೇಲೆ ಕೈಯಾಡಿಸಿ ಎದೆಗೆ ಮುಟ್ಟಿಸಿಕೊಂಡ, ಬಾಯಲ್ಲೇ ಏನೋ ದುವಾ ಮಾಡಿದ, ಬಂದಂಗೇ ಇಳಿದು ಹೋದ.

ಅಸ್ಫಿಯಾಳ ಕೈಯಲ್ಲಿ ಫೋನಿನ ಗೆರೆ ನೆಟ್ಟಗೆ ಮೇಲಕ್ಕೆ ಏರುತ್ತಿತ್ತು.

“ಗ್ಯಾರೇಜಿನಾಗ ಗುರುವಾರ ಗುರುವಾರ ಎಲ್ಲಾ ಮಿಷನ್ನಿಗೂ ಹಾಕ್ತಾರ್ರಿ” ಅಂದಳು, ಪಿಸುದನಿಯಲ್ಲಿ. “ಜಾಕಿಗೂ ಹಾಕ್ತಾರ, ಪಾನಾ ಪೆಟ್ಟಿಗಿಗೂ ಹಾಕ್ತಾರ. ನನಗ ಹೊಳೀಲೇ ಇಲ್ಲ.”

ಅವಳು ಅಲ್ಲೇ ಕೂತು ಗೈಡ್‌ಗೆ ಫೋನ್ ಮಾಡಿದಳು. ಭಟ್ಟಿಯದಲ್ಲ ಸಾರ್, ನಂದೇ ತಪ್ಪು, ಗುರುವಾರದ ಲೆಕ್ಕ ಎಲ್ಲಾ ತೆಗೀರಿ ಅಂದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಅವಳು ಹೂಂ ಸಾರ್, ಹೂಂ ಸಾರ್ ಅನ್ನುತ್ತಾ ಸೀರೆಯ ಮೇಲಿನ ಇರುವೆ ಕೊಡವಿದಂಗೆ ನನ್ನ ಮೊಳಕಾಲು ಒರೆಸುತ್ತಿದ್ದಳು. ಏನು ಮಾಡುತ್ತಿದ್ದೇನೆ ಅಂತ ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಭಟ್ಟಿಗೆ ಹೋದಳು. ನಾನೂ ಹೋದೆ.

“ಹಂಗಾರ ನನ್ನ ಭಟ್ಟಿ ಹೊಗಿ ಬಿಡಂಗಿಲ್ಲ ಅಂತ ಬರದು ಕೊಡು” ಅಂದ ಪಾಲಾಕ್ಷಪ್ಪ.

“ಬಿಡತೈತಿ ಅಣ್ಣಾರ, ದಿನಾ ಬಿಡತೈತಿ. ಅದನ್ನ ಬರೀತೀನಿ. ಎಲ್ಲಾ ಭಟ್ಟಿ ಬಿಟ್ಟಷ್ಟ ಬಿಡತೈತಿ. ಟೈರ್ ಸುಟ್ರಿ ಅಂದಿದ್ದು ಮಾತ್ರ ಸುಳ್ಳು. ನಿಮ್ಮ ಹೆಸರು ತೆಗದೀನಿ.”

“ಮತ್ತ ಗುರುವಾರ ಹೊಗಿ ಹಾಕಿದವ್ರು ಯಾರು?”

ಅಸ್ಫಿಯಾ ಅಪ್ಪನ ಹೆಸರು ಎತ್ತದೆ ಹೊರಡಲು ಅಣಿಯಾದಳು. ಪಾಲಾಕ್ಷಪ್ಪ ನನ್ನ ಕಡೆ ತಿರುಗಿದ. “ಚಿಗವ್ವಾ, ನೀನೇನು? ಭಜನಿ ಭಜನಿ ಅಂತ ಹೇಳಿ ಮಾಳಿಗಿ ಮ್ಯಾಲ ಏನು ಸುಡ್ತಿದ್ದಿ?”

ನಾನು ಉಹೂಂ ಅನ್ನಲಿಲ್ಲ. ಆ ಅನುಮಾನ ಅವನಿಗೆ ಇವತ್ತಿಗೂ ಇದೆ. ಮಂಡಕ್ಕಿ ಕೊಡುವಾಗ ಓರೆಗಣ್ಣಲ್ಲೇ ನೋಡುತ್ತಾನೆ.

ನಿಜವಾದ ಯಂತ್ರವನ್ನು ಅಸ್ಫಿಯಾ ಹರಪನಹಳ್ಳಿಯ ಕಡೆ ಬೇರೊಂದು ಮಾಳಿಗೆಗೆ ಒಯ್ದಳು. ಎಲ್ಲಿ ಅಂತ ಅಪ್ಪನಿಗೆ ಹೇಳಲಿಲ್ಲ. ನಮ್ಮ ಮಾಳಿಗೆಯಲ್ಲಿ ಹೆಸರು ಬರೆದ ಖಾಲಿ ಡಬ್ಬಿ ಹಂಗೇ ಉಳಿಯಿತು. ಒಳಗೆ ಸಣ್ಣ ಫ್ಯಾನ್ ಒಂದನ್ನು ಕೂರಿಸಿ ಗುರ್ ಅನ್ನುವಂಗೆ ಮಾಡಿದಳು.

“ನಮ್ಮಪ್ಪ ಗುರುವಾರ ಬರ್ತಾರ. ಬರ್ಲಿ. ಬ್ಯಾಡ ಅಂದ್ರ, ಮಗಳ ಕೆಲಸ ನನ್ನಿಂದ ಕೆಡ್ತು ಅಂತ ಲೋಬಾನದ ಬಟ್ಟಲ ಮುಟ್ಟದಂಗ ಆಗ್ತಾರ.”

“ಅಲ್ಲವ್ವಾ, ಇಂಜಿನ್ ಸದ್ದು ಕೇಳಿ ರೋಗ ಹೇಳೋ ಮನಿಷಾ ಅವನು. ಫ್ಯಾನ್ ಯಾವುದು ಪಂಪ್ ಯಾವುದು ಅಂತ ತಿಳಿಯಂಗಿಲ್ಲೇನು? ನನಗಂತೂ ಅನುಮಾನ.”

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯತೊಡಗಿದಳು.

“ತಿಳಿದ್ರ ನಿಮ್ಮನ್ನ ಕೇಳ್ತಾರ್ರಿ ಅಜ್ಜಿ. ಕೇಳಿದ್ರ, ಡಬ್ಬಿ ಚಲೋ ನಡದೈತಿ ಅಂತ ಹೇಳ್ರಿ.”