ಮರುನುಡಿ ಕೇಳದೆ ಬಿಟ್ಟ ಚಾನೆಲ್

ಪೊಲೀಸ್ ವೈರ್‌ಲೆಸ್ ನೌಕರಿಯಲ್ಲಿ ನನಗೆ ಮೊದಲು ಕಲಿಸಿದ ನಿಯಮ ಇದು: ಚಾನೆಲ್ ಬದಲಿಸುವಾಗ ಹೊಸ ನಂಬರ್ ಹೇಳು, ಎದುರಿನವನು ಅದನ್ನು ತಿರುಗಿ ಹೇಳಲಿ, ಆಮೇಲೆ ಗುಂಡಿ ತಿರುಗಿಸು. ನಿವೃತ್ತಿಯ ತನಕ ಅದನ್ನು ಮೀರಲಿಲ್ಲ.

ನಿವೃತ್ತನಾದ ಮೇಲೆ ಘಟಪ್ರಭೆ ನದಿ ಉಕ್ಕಿದಾಗ, ಮುಧೋಳದ ಹತ್ತಿರ ಪರಿಹಾರ ಕೇಂದ್ರವಾಗಿದ್ದ ಒಂದು ಶಾಲೆಯಲ್ಲಿ ವೈರ್‌ಲೆಸ್ ಸೆಟ್ ಮುಂದೆ ಕೂಡಲು ನಾನಾಗಿಯೇ ಹೋದೆ. ದೂರಕ್ಕೆ ಸ್ಪಷ್ಟವಾಗಿ ಕೇಳುತ್ತಿದ್ದ ಒಂದನೆಯ ಚಾನೆಲ್ ರಕ್ಷಣಾ ಪಡೆಯದು. ಅವರು ಸುಮ್ಮನಿದ್ದಾಗ ಸ್ವಯಂಸೇವಕರಾದ ನಾವು ಬಳಸಬಹುದು. ಅವರ ದನಿ ಬಂದ ಕೂಡಲೇ ಬಿಟ್ಟುಕೊಟ್ಟು ಮೂರನೆಯ ಚಾನೆಲ್‌ಗೆ ಸರಿಯಬೇಕು.

ವಾಕಿಟಾಕಿ ಇಟ್ಟುಕೊಂಡು ನಮ್ಮ ದೋಣಿ ನಡೆಸುತ್ತಿದ್ದ ಅಂಬಿಗನಿಗೆ ನನ್ನ ಶಿಸ್ತು ತಮಾಷೆ. “ಅಜ್ಜಾರ, ಹೇಳಿದ್ದನ್ನ ಹೇಳಸ್ತೀರಿ, ಇದೇನ್ ಮದವಿ ಮಂತ್ರ ಏನ್ರಿ?” ಎನ್ನುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ, ಹೊಲಮನೆಯ ಮಾಳಿಗೆ ಏರಿ ಕುಳಿತಿದ್ದ ಕುರುಬ ದಂಪತಿಯನ್ನು ಕರೆತರಲು ಅವನು ಹೊರಟ. ಕಬ್ಬಿನ ಹೊಲದ ಹಿಂದೆ ನೀರಿನ ಸೆಳೆತ ಜೋರಾಗಿದೆ ಎಂದು ನನಗೆ ಸುದ್ದಿ ಬಂತು. “ಅಲ್ಲೇ ನಿಲ್ಲು ತಮ್ಮಾ, ದಾರಿ ಹೇಳತೇನಿ” ಎಂದೆ. ಅಷ್ಟರಲ್ಲಿ ಪಡೆಯವರ ದನಿ ಬಂತು. “ಮೂರಕ್ಕ ಬಾ” ಎಂದವನೇ ಗುಂಡಿ ತಿರುಗಿಸಿಬಿಟ್ಟೆ. ಅವನ ಮರುನುಡಿಗೆ ಕಾಯಲಿಲ್ಲ.

ಮೂರರಲ್ಲಿ ಕರೆದೆ. ಮತ್ತೆ ಕರೆದೆ. ಉತ್ತರವಿಲ್ಲ. ಅವನು ಒಂದರಲ್ಲೇ ಉಳಿದಿರಬೇಕು. ಅಲ್ಲಿ ಪಡೆಯವರ ಮಾತು ನಡೆದಿದೆ. ಇನ್ನೊಬ್ಬರ ಚಾನೆಲ್‌ನಲ್ಲಿ ನಡುವೆ ಬಾಯಿ ಹಾಕಬಾರದು ಎಂಬುದೂ ನಾನು ಕಲಿತ ನಿಯಮವೇ. ಗುಂಡಿಯ ಮೇಲೆ ಕೈಯಿಟ್ಟು ಕುಳಿತೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಸರಿಯಿತು.

ಕೊನೆಗೆ ಒಂದಕ್ಕೆ ಹೋಗಿ ನಡುವೆಯೇ ಹೇಳಿದೆ: “ತಪ್ಪಾತ್ರಿ. ನಮ್ಮ ದೋಣಿ ಇಲ್ಲೇ ಉಳದೈತಿ.”

ಪಡೆಯ ಅಧಿಕಾರಿ ಒಮ್ಮೆಲೇ ಮಾತು ನಿಲ್ಲಿಸಿದರು. “ಮಾತಾಡ್ರಿ, ನಾವು ಕಾಯ್ತೀವಿ.”

“ಅದಿಯೇನೋ ತಮ್ಮಾ?”

“ಗಿಡಾ ಹಿಡಕೊಂಡ ನಿಂತೇನ್ರಿ. ನೀವು ನಿಲ್ಲ ಅಂದ್ರಿ, ಹೋಗ ಅಂದಿಲ್ಲ.”

ಬೇವಿನ ಮರದ ಬದಿಯ ದಾರಿ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಬದುಕಿ ಬಂದರು. ಮನೆಯ ಪಕ್ಕದ ಕಲ್ಲುರಾಶಿಯ ಮೇಲೆ ನಿಲ್ಲಿಸಿದ್ದ ಅವರ ಮೂರು ಕುರಿಗಳು, ದೋಣಿ ಮುಟ್ಟುವುದಕ್ಕೆ ತುಸು ಮೊದಲು ಕೊಚ್ಚಿ ಹೋಗಿದ್ದವು.

ದಾಖಲೆ ಪುಸ್ತಕದಲ್ಲಿ ಬರೆದೆ: “ನಾಲ್ಕು ನಿಮಿಷ ಸಂಪರ್ಕವಿಲ್ಲ. ತಪ್ಪು ನನ್ನದು.” ಆ ಕುರುಬನಿಗೂ ಹೋಗಿ ಹೇಳಿದೆ. ಅವನು “ನೀವು ಹೇಳದಿದ್ರ ನನಗ ಗೊತ್ತಾಗ್ತಿದ್ದಿಲ್ರಿ” ಎಂದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಮತ್ತೆ ಚಾನೆಲ್ ಬದಲಿಸುವ ಹೊತ್ತು ಬಂತು. “ಮೂರಕ್ಕ ಬಾ” ಎಂದು ಅವನ ಮರುನುಡಿಗೆ ಕಾದೆ.

“ಮೂರಕ್ಕ ಬರಾಕತ್ತೇನ್ರಿ ಅಜ್ಜಾರ, ಮೂರಕ್ಕ” ಎಂದ ಅಂಬಿಗ. ಅವನ ದನಿಯಲ್ಲಿ ನಗುವಿರಲಿಲ್ಲ. ಆಮೇಲೆ ಗುಂಡಿ ತಿರುಗಿಸಿದೆ.